ಎಫೆಕ್ಟ್ಸ್ ಸಿಂಬಲ್ ಆರಿಸುವುದು ಹೇಗೆ: ಸದ್ದು ಹುಟ್ಟುವುದನ್ನಲ್ಲ, ಆರುವುದನ್ನು ಕೇಳಿ

ನನ್ನ ಡ್ರಮ್ ಕಿಟ್‌ಗೆಂದು ಕೊಂಡ ಮೊದಲ ಎಫೆಕ್ಟ್ಸ್ ಸಿಂಬಲ್, ಅಂದರೆ ಆಗೊಮ್ಮೆ ಈಗೊಮ್ಮೆ ವಿಶೇಷ ಸದ್ದಿಗೆಂದು ಹೊಡೆಯುವ ಲೋಹದ ತಟ್ಟೆ, 18 ಇಂಚಿನ ಚೈನಾ. ಅಂಗಡಿಯಲ್ಲಿ ಒಂದೇ ಏಟು ಹೊಡೆದೆ, ಮೈ ಜುಮ್ಮೆಂದಿತು, ದುಡ್ಡು ಕೊಟ್ಟು ಎತ್ತಿಕೊಂಡು ಬಂದೆ. ಮುಂದಿನ ರಿಹರ್ಸಲ್‌ನಲ್ಲಿ ಅದಕ್ಕೆ ಹೊಡೆದಾಗಲೆಲ್ಲ ನಮ್ಮ ಹಾಡುಗಾರ ತಿರುಗಿ ನೋಡುತ್ತಿದ್ದ. ಮೊದಲೆರಡು ಸಲ, ಮೆಚ್ಚಿ ನೋಡುತ್ತಿದ್ದಾನೆ ಅಂದುಕೊಂಡೆ. ಮೂರನೇ ಸಲಕ್ಕೆ ವಿಷಯ ಗೊತ್ತಾಯಿತು: ಅವನ ಮುಂದಿನ ಸಾಲಿನ ಅರ್ಧ ಪದಗಳು ನನ್ನ ಚೈನಾದಡಿ ಹೂತುಹೋಗುತ್ತಿದ್ದವು. ತಿಂಗಳೊಪ್ಪತ್ತಿನಲ್ಲಿ ಅದು ಚೀಲ ಸೇರಿತು.

ಆ ಸಿಂಬಲ್ ಚೆನ್ನಾಗಿಯೇ ಇತ್ತು. ಅದರ ಸದ್ದು ಹೇಗೆ ಶುರುವಾಗುತ್ತದೆ ಅಂತ ಕೇಳಿ ಕೊಂಡಿದ್ದೆ, ಎಷ್ಟು ಹೊತ್ತು ಉಳಿಯುತ್ತದೆ ಅಂತ ಕೇಳಿರಲಿಲ್ಲ, ಅಷ್ಟೆ. ಹೈ-ಹ್ಯಾಟ್, ರೈಡ್, ಕ್ರ್ಯಾಶ್ ಈ ಮೂರೂ ಕಿಟ್‌ನ ದಿನದ ದುಡಿಮೆಗಾರರು. ಹಾಡಿನ ಉದ್ದಕ್ಕೂ ಅವುಗಳಿಗೆ ಕೆಲಸವಿದೆ. ಸ್ಪ್ಲ್ಯಾಶ್, ಚೈನಾ, ಸ್ಟ್ಯಾಕ್, ಬೆಲ್, ತೂತು ಕೊರೆದ ಕ್ರ್ಯಾಶ್, ರಿವೆಟ್ (ತೂತಿನಲ್ಲಿ ಸಡಿಲವಾಗಿ ಕೂರುವ ಲೋಹದ ಮೊಳೆ) ಹಾಕಿದ ಸಿಝಲ್ ಮುಂತಾದವು ಬಂದು ಒಂದು ಮಾತು ಆಡಿ ಹೋಗುವವು. ಹೋಗಬೇಕಾದ ಹೊತ್ತಿಗೆ ಹೋಗದಿದ್ದರೆ ಎಷ್ಟೇ ಸೊಗಸಾಗಿದ್ದರೂ ಕಿರಿಕಿರಿ. ಈ ಲೇಖನದಲ್ಲಿ ಹೇಳುವ ಹೆಜ್ಜೆಗಳೆಲ್ಲ ಈ ಒಂದು ಲೆಕ್ಕದ ಸುತ್ತಲೇ ಇವೆ.

1. ಮೊದಲು ಬಾಯಲ್ಲಿ ನುಡಿಸಿ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ತಂಡದ ಎರಡು ಮೂರು ರಿಹರ್ಸಲ್‌ಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗುಣಮಟ್ಟ ಹೇಗಿದ್ದರೂ ನಡೆಯುತ್ತದೆ. ಮನೆಗೆ ಬಂದು ಕೇಳುತ್ತಾ, ಇಲ್ಲೇನೋ ಬೇಕಿತ್ತು ಅನ್ನಿಸಿದ ಕಡೆಯೆಲ್ಲ ನಿಲ್ಲಿಸಿ, ಆ ಸದ್ದನ್ನು ಬಾಯಲ್ಲೇ ಮಾಡಿ. ನಾಚಿಕೆ ಬೇಡ, ಡ್ರಮ್ಮರ್‌ಗಳೆಲ್ಲ ಮಾಡುವುದು ಇದನ್ನೇ.

ಬಾಯಿಂದ "ಟ್ಸಿಸ್" ಅಂತ ಬಂದು ತಕ್ಷಣ ಮುಗಿದರೆ ನೀವು ಹುಡುಕುತ್ತಿರುವುದು ಸ್ಪ್ಲ್ಯಾಶ್. "ಕ್ಷಾಆ" ಅಂತ ಹಲ್ಲು ಕಚ್ಚಿಕೊಂಡು ಬಂದರೆ ಚೈನಾ. "ಟ್ಚಕ್" ಅಂತ ಕತ್ತರಿಸಿದ ಹಾಗೆ ಬಂದರೆ ಸ್ಟ್ಯಾಕ್. "ಟಿಣ್" ಅಂದರೆ ಬೆಲ್. ಕ್ರ್ಯಾಶ್ ಮುಗಿದ ಮೇಲೂ "ಝ್ಝ್ಝ್" ಅಂತ ನೀರು ಕಾದ ಹಾಗೆ ಎಳೆಯಬೇಕು ಅನ್ನಿಸಿದರೆ ಸಿಝಲ್. ಬರೀ "ಟಿಶ್ಶ್" ಅಂತ ದೊಡ್ಡದಾಗಿ ಬಂದರೆ ನಿಮಗೆ ಬೇಕಿರುವುದು ಇನ್ನೊಂದು ಕ್ರ್ಯಾಶ್, ಎಫೆಕ್ಟ್ಸ್ ಅಲ್ಲ. ಮುಂದೆ ಓದುವ ಅಗತ್ಯವೂ ಇಲ್ಲ.

ಬಾಯಲ್ಲಿ ಮಾಡಿದ ಸದ್ದಿನ ಉದ್ದವನ್ನೂ ಬರೆದಿಡಿ. ಸೆಕೆಂಡಿನಲ್ಲಿ ಬೇಡ, ಬೀಟಿನಲ್ಲಿ. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ಒಂದು ಬೀಟ್ ಅಂದರೆ ಅರ್ಧ ಸೆಕೆಂಡ್, ನಾಲ್ಕು ಬೀಟಿನ ಒಂದು ಬಾರ್ ಎರಡು ಸೆಕೆಂಡ್. 80ರ ನಿಧಾನ ಹಾಡಿನಲ್ಲಿ ಒಂದು ಬೀಟಿಗೆ ಮುಕ್ಕಾಲು ಸೆಕೆಂಡ್, ಬಾರಿಗೆ ಮೂರು. ಹಾಗಾಗಿ ನಿಧಾನ ಹಾಡಿನಲ್ಲಿ ಹಿತವಾಗಿ ಆರಿಹೋಗುವ ಸಿಂಬಲ್ಲೇ ವೇಗದ ಹಾಡಿನಲ್ಲಿ ಮುಂದಿನ ಏಟಿನ ಮೇಲೆ ಕಾಲಿಡುತ್ತದೆ. "ಎರಡನೇ ಹಾಡು, ಕೋರಸ್‌ಗೆ ಮುಂಚೆ, ಒಂದು ಬೀಟ್" ಅಂತ ಬರೆದುಕೊಂಡಿದ್ದರೆ ಅಂಗಡಿಯಲ್ಲಿ ಏನು ಕೇಳಬೇಕು ಅನ್ನುವುದು ಕೈಯಲ್ಲೇ ಇರುತ್ತದೆ.

ಒಟ್ಟು ಪಟ್ಟಿಯಲ್ಲಿ ಒಂದೇ ಸದ್ದು ಮೂರು ಹಾಡುಗಳಲ್ಲಾದರೂ ಬಂದಿರಬೇಕು. ಒಂದೇ ಹಾಡಿನ ಒಂದೇ ಜಾಗಕ್ಕೆ ಸಿಂಬಲ್ ಕೊಂಡರೆ ಉಳಿದ ಹಾಡುಗಳಲ್ಲಿ ಅದು ಸ್ಟ್ಯಾಂಡ್ ಮೇಲೆ ಕೂತು ನಿಮ್ಮನ್ನು ಕರೆಯುತ್ತಿರುತ್ತದೆ. ನೀವು ಹೊಡೆದೇ ಹೊಡೆಯುತ್ತೀರಿ, ಬೇಕಿಲ್ಲದ ಕಡೆ.

2. ಇರುವುದನ್ನೇ ಕಾಡಿಸಿ ನೋಡಿ

ಕೊಳ್ಳುವ ಮುಂಚೆ ನಿಮ್ಮ ಬಳಿ ಇರುವ ಸಿಂಬಲ್‌ಗಳಿಂದಲೇ ಆ ಸದ್ದಿನ ಹತ್ತಿರ ಹೋಗಲು ಆಗುತ್ತದಾ ಪ್ರಯತ್ನಿಸಿ. ಕ್ರ್ಯಾಶ್ ಹೊಡೆದು ತಕ್ಷಣ ಇನ್ನೊಂದು ಕೈಯಲ್ಲಿ ಅಂಚನ್ನು ಹಿಡಿದು ಚೋಕ್ ಮಾಡಿದರೆ ದೊಡ್ಡ ಸ್ಪ್ಲ್ಯಾಶಿನ ಭಾಸ ಬರುತ್ತದೆ. ರೈಡ್‌ನ ಬೆಲ್ (ನಡುವಿನ ಗುಬ್ಬು) ಮೇಲೆ ಸ್ಟಿಕ್‌ನ ಹೆಗಲಿನಿಂದ ಹೊಡೆದರೆ ಬೆಲ್ ಸಿಂಬಲ್‌ಗೆ ಸನಿಹದ ಸದ್ದು. ಒಂದು ನಾಣ್ಯವನ್ನು ದಾರಕ್ಕೆ ಅಂಟಿಸಿ, ವಿಂಗ್ ನಟ್‌ಗೆ (ಸಿಂಬಲ್ಲನ್ನು ಸ್ಟ್ಯಾಂಡ್‌ಗೆ ಬಿಗಿಯುವ ನಟ್‌ಗೆ) ಕಟ್ಟಿ, ನಾಣ್ಯ ರೈಡ್‌ನ ಮೈಮೇಲೆ ಸಡಿಲವಾಗಿ ಕೂರುವಂತೆ ಬಿಟ್ಟರೆ ಸಿಝಲ್ ಸಿದ್ಧ. ಸಿಂಬಲ್‌ನ ಅಡಿಯಲ್ಲಿ ಬಟ್ಟೆಯ ಟೇಪಿನ ಒಂದೆರಡು ಚಿಕ್ಕ ತುಂಡು ಅಂಟಿಸಿದರೆ ಸಸ್ಟೇನ್ (ಸದ್ದು ಉಳಿಯುವ ಹೊತ್ತು) ಕುಗ್ಗುತ್ತದೆ. ಟೇಪ್ ಕಿತ್ತ ಮೇಲೆ ಅಂಟು ಒರೆಸಲು ಮರೆಯಬೇಡಿ.

ಇವೆಲ್ಲ ಅಸಲಿಗೆ ಸಾಟಿಯಲ್ಲ, ಒಪ್ಪುತ್ತೇನೆ. ಆದರೆ ಎರಡು ವಾರ ಈ ನಕಲಿಯನ್ನೇ ಹಾಡಿನಲ್ಲಿಟ್ಟು ನೋಡಿದರೆ ಆ ಜಾಗಕ್ಕೆ ನಿಜವಾಗಿ ಸದ್ದು ಬೇಕೇ ಅನ್ನುವುದು ತಿಳಿಯುತ್ತದೆ. ನನ್ನ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಉದುರಿಹೋಗಿವೆ.

3. ಜಾತಿ ತಿಳಿದುಕೊಳ್ಳಿ

ಸ್ಪ್ಲ್ಯಾಶ್. 6ರಿಂದ 12 ಇಂಚಿನವರೆಗೆ ಸಿಗುತ್ತದೆ. ಹೆಚ್ಚು ಓಡುವುದು 8 ಮತ್ತು 10. ತೆಳು, ಹಗುರ. ಲೋಹ ಕಡಿಮೆ ಇರುವುದರಿಂದ ಏಟು ಬಿದ್ದ ಕೂಡಲೇ ಇಡೀ ಸಿಂಬಲ್ ಎದ್ದು ನಡುಗುತ್ತದೆ, ಅಷ್ಟೇ ಬೇಗ ದಣಿಯುತ್ತದೆ. ಜಾಝ್ ಹರೆಯದಲ್ಲಿದ್ದ 1920-30ರ ದಶಕಗಳಲ್ಲಿ ಇದು ಕಿಟ್‌ನ ಮಾಮೂಲಿ ಸದಸ್ಯ. ಆಮೇಲೆ ಮೂಲೆಗೆ ಸರಿದಿದ್ದ ಸ್ಪ್ಲ್ಯಾಶನ್ನು ರಾಕ್ ಕೇಳುವವರ ಕಿವಿಗೆ ಮತ್ತೆ ಬೀಳಿಸಿದವರಲ್ಲಿ ದಿ ಪೊಲೀಸ್ ತಂಡದ ಸ್ಟೂವರ್ಟ್ ಕೋಪ್‌ಲ್ಯಾಂಡ್ ಮುಖ್ಯರು. ಅವರ ನುಡಿಸಾಣಿಕೆ ಗಮನಿಸಿ: ಫಿಲ್‌ನ (ಸಾಲುಗಳ ನಡುವೆ ತುಂಬುವ ಚಿಕ್ಕ ಡ್ರಮ್ ನುಡಿತದ) ಕೊನೆಗೆ ದೊಡ್ಡದಾಗಿ ಹೊಡೆಯುವ ಬದಲು, ಹೈ-ಹ್ಯಾಟ್ ಓಡುತ್ತಿರುವಾಗಲೇ ನಡುವೆ ಚಿಮ್ಮಿಸಿ ಬಿಟ್ಟುಬಿಡುತ್ತಾರೆ. ಸ್ಪ್ಲ್ಯಾಶ್ ಇರುವುದೇ ಆ ಆಟಕ್ಕೆ.

6 ಇಂಚಿನದು ಚಿನಕುರುಳಿಯಾದರೂ ಎರಡು ಗಿಟಾರ್ ಜೋರಾಗಿ ನುಡಿಯುವ ತಂಡದಲ್ಲಿ ಯಾರಿಗೂ ಕೇಳಿಸದು; ನಿಮಗೊಬ್ಬರಿಗೇ ಖುಷಿ. 12 ಇಂಚಿಗೆ ಹೋದರೆ ಪುಟ್ಟ ಕ್ರ್ಯಾಶ್‌ನ ಗುಣ ಬಂದು ಬಾಲ, ಅಂದರೆ ಏಟಿನ ಮೇಲೆ ಉಳಿಯುವ ಸದ್ದು, ಉದ್ದವಾಗುತ್ತದೆ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು 10 ಇಂಚು, ತೆಳುವಾದದ್ದು. ದಪ್ಪ ಸ್ಪ್ಲ್ಯಾಶ್ ಒಡೆಯದೆ ಬಾಳುತ್ತದೆ ನಿಜ, ಆದರೆ "ಟ್ಸಿಸ್" ಅನ್ನುವ ಬದಲು "ಟಿಂಗ್" ಅನ್ನುತ್ತದೆ. ಅದು ಬೇರೆಯದೇ ಸದ್ದು.

ತೆಳುವಾದದ್ದು ಬೇಗ ಒಡೆಯುತ್ತದೆ ಅನ್ನುವ ಭಯವಿದ್ದರೆ ಕೈ ತಿದ್ದಿಕೊಳ್ಳಿ. ಸ್ಪ್ಲ್ಯಾಶನ್ನು ಕ್ರ್ಯಾಶಿನಂತೆ ತಳ್ಳಿ ಹೊಡೆಯಬಾರದು. ಮಣಿಕಟ್ಟಿನಿಂದ, ಬಿಸಿ ಕಾವಲಿ ಮುಟ್ಟಿ ಕೈ ಹಿಂದೆಗೆದ ಹಾಗೆ, ಸ್ವಲ್ಪ ಪಕ್ಕಕ್ಕೆ ಜಾರಿಸಿ ಹೊಡೆಯಬೇಕು. ಅಂಚಿಗೆ ನೆಟ್ಟಗೆ ಬಿದ್ದ ಏಟೇ ಅದನ್ನು ಕೊಲ್ಲುವುದು.

ಚೈನಾ. ಮಾಮೂಲಿ ಸಿಂಬಲ್‌ನ ಅಂಚು ಕೆಳಕ್ಕೆ ಇಳಿದರೆ ಇದರ ಅಂಚು ಮೇಲಕ್ಕೆ ಬಾಗಿರುತ್ತದೆ. ಬೆಲ್ ಕೂಡ ಗುಮ್ಮಟದಂತಿರದೆ ಬಹಳ ಸಲ ನೆಟ್ಟಗಿನ ಗೋಡೆಯ ಪುಟ್ಟ ಡಬ್ಬಿಯಂತಿರುತ್ತದೆ. ಆ ಕಸಕಸ, ಒರಟು, ಸ್ವರ ಸಿಗದ ಸದ್ದು ಈ ಆಕಾರದ ಫಲ. 12ರಿಂದ 22 ಇಂಚಿನವರೆಗೆ ಸಿಗುತ್ತದೆ, 16 ಮತ್ತು 18 ಸಾಮಾನ್ಯ.

ಇದನ್ನು ತಲೆಕೆಳಗಾಗಿ ಕಟ್ಟುವವರೇ ಹೆಚ್ಚು. ಹಾಗೆ ಕಟ್ಟಿದಾಗ ಅಂಚು ಕೆಳಕ್ಕೆ ಬಾಗಿ, ಸ್ಟಿಕ್ ಆ ಬಾಗಿನ ನುಣುಪಾದ ಹೆಗಲ ಮೇಲೆ ಬೀಳುತ್ತದೆ. ನೆಟ್ಟಗೆ ಕಟ್ಟಿದರೆ ಸ್ಟಿಕ್ ಸೀದಾ ಚೂಪು ಅಂಚಿಗೆ ಬಡಿದು ಮರವೂ ಸವೆಯುತ್ತದೆ, ಸಿಂಬಲ್ಲೂ ಸೀಳುತ್ತದೆ. ರೈಡ್‌ನಂತೆ ಅದರ ಮೈಮೇಲೆ ಮೆಲ್ಲಗೆ ಲಯ ಹಿಡಿಯುವವರಿಗೆ ಎರಡು ಬಗೆಯೂ ಆದೀತು. ಹಾಗೂ ಉಂಟೇ ಅಂದರೆ, ಉಂಟು. ಬಿಗ್ ಬ್ಯಾಂಡ್ ಡ್ರಮ್ಮರ್ ಮೆಲ್ ಲೂಯಿಸ್ ರಿವೆಟ್ ಹಾಕಿದ ಚೈನಾ ಮಾದರಿಯ ಸಿಂಬಲ್ಲನ್ನೇ ರೈಡ್ ಆಗಿ ನುಡಿಸಲು ಹೆಸರಾದವರು. ಚೈನಾ ಅಂದರೆ ಹೆವಿ ಮೆಟಲ್ ತಂಡದ ಬ್ರೇಕ್‌ಡೌನ್ (ಲಯ ನಿಧಾನಿಸಿ ಭಾರವಾಗುವ ಭಾಗ) ಮಾತ್ರ ಅಂದುಕೊಂಡವರು ಅವರ ಧ್ವನಿಮುದ್ರಣ ಒಂದನ್ನಾದರೂ ಕೇಳಬೇಕು. ಹಿತ್ತಾಳೆ ವಾದ್ಯಗಳ ದಟ್ಟಣೆಯ ಅಡಿಯಲ್ಲಿ ಆ ಒರಟು ಸದ್ದು ಕಂಬಳಿಯಂತೆ ಹಾಸಿಕೊಂಡಿರುತ್ತದೆ.

ಉದ್ದದ ಲೆಕ್ಕ ಇಲ್ಲಿ ತುಂಬ ಮುಖ್ಯ. ಮೆಟಲ್ ತಂಡದಲ್ಲಿ ಚೈನಾ ಮೇಲೇ ಲಯ ನಡೆಸುವವರಿಗೆ 18 ಇಂಚು ಬೇಕು. ಅಲ್ಲಿ ಒಂದು ಏಟು ಇನ್ನೊಂದಕ್ಕೆ ಅಂಟಿಕೊಂಡು ಗೋಡೆಯಾಗಬೇಕು. ಒಂದೇ ಏಟು ಕೊಟ್ಟು ಹೋಗಬೇಕಾದ ಪಾಪ್, ಫಂಕ್, ಸಿನಿಮಾ ಹಾಡುಗಳಿಗೆ 12ರಿಂದ 16ರ ಒಳಗಿನ ತೆಳು ಚೈನಾ ಸಾಕು. ಅದೂ ಕಿರುಚುತ್ತದೆ, ಆದರೆ ಕಿರುಚಿ ಸುಮ್ಮನಾಗುತ್ತದೆ. ದೊಡ್ಡ ಬ್ರ್ಯಾಂಡ್‌ಗಳ ನಯಗೊಳಿಸಿದ ಚೈನಾಗಳ ಜೊತೆ, ಚೀನಾದ ವೂಹಾನ್‌ನಲ್ಲಿ ಬಡಿದು ಮಾಡುವ ಸಾಂಪ್ರದಾಯಿಕ ಬಗೆಯದನ್ನೂ ಒಮ್ಮೆ ಕೇಳಿ. ಉಳಿದ ಸಿಂಬಲ್‌ಗಳೆಲ್ಲ ಬೇರೆ ಕಂಪನಿಯವಾಗಿದ್ದರೂ ಚೈನಾ ಮಾತ್ರ ವೂಹಾನ್‌ನದೇ ಇಟ್ಟುಕೊಂಡ ಡ್ರಮ್ಮರ್‌ಗಳಿದ್ದಾರೆ.

ಸ್ಟ್ಯಾಕ್. ಒಂದರ ಮೇಲೊಂದು ಎರಡು, ಕೆಲವೊಮ್ಮೆ ಮೂರು ಸಿಂಬಲ್ ಇಟ್ಟು ಬಿಗಿಯುವುದು. ಒಂದರ ಕಂಪನವನ್ನು ಇನ್ನೊಂದು ತಡೆಯುತ್ತದೆ, ಲೋಹಕ್ಕೆ ಲೋಹ ತಾಕಿ ಗರಗರ ಹುಟ್ಟುತ್ತದೆ, ಸದ್ದು ಹುಟ್ಟಿದಲ್ಲೇ ಮುಗಿಯುತ್ತದೆ. ನನಗೆ ಎಫೆಕ್ಟ್ಸ್ ಸಿಂಬಲ್‌ಗಳಲ್ಲೆಲ್ಲ ಇದೇ ಮೇಲು, ಕಾರಣ ಎರಡು. ಮೊದಲನೆಯದು, ಇದರ ಬಾಲದ ಉದ್ದ ನಿಮ್ಮ ಬೆರಳಲ್ಲಿದೆ: ವಿಂಗ್ ನಟ್ ಬಿಗಿ ಮಾಡಿದರೆ ಚಪ್ಪಾಳೆಯಷ್ಟು ಒಣ ಸದ್ದು, ಅರ್ಧ ಸುತ್ತು ಸಡಿಲಿಸಿದರೆ ಗರಗರ, ಇನ್ನೂ ಸಡಿಲಿಸಿದರೆ ತಗಡಿನ ಮಳೆ. ಎರಡನೆಯದು, ಇದಕ್ಕೆ ಹೇಳಿಕೊಳ್ಳುವಂಥ ಸ್ವರವಿಲ್ಲ; ಹಾಗಾಗಿ ಯಾವ ಶ್ರುತಿಯ ಹಾಡಿನಲ್ಲೂ ಅಪಸ್ವರವಾಗುವುದಿಲ್ಲ.

ಸಿದ್ಧ ಜೋಡಿಗಳು ಸಿಗುತ್ತವೆ. ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ ಜೊತೆಗೂಡಿ ಸೇಬಿಯನ್ ಕಂಪನಿ ತಂದ ಮ್ಯಾಕ್ಸ್ ಸ್ಟ್ಯಾಕ್ಸ್, ಡ್ರಮ್ಮರ್ ಬೆನ್ನಿ ಗ್ರೆಬ್ ಜೊತೆಗೂಡಿ ಮೈನ್ಲ್ ಕಂಪನಿ ತಂದ 8 ಇಂಚಿನ ಕ್ರ್ಯಾಶರ್ ಹ್ಯಾಟ್ಸ್ ಹೆಸರುವಾಸಿ. ಆದರೂ ಮೊದಲ ಸ್ಟ್ಯಾಕನ್ನು ನೀವೇ ಕಟ್ಟಿ. ಕೆಳಗೆ ದೊಡ್ಡದು, ಮೇಲೆ ಚಿಕ್ಕದು ಇಟ್ಟು ಶುರುಮಾಡಿ: 14 ಇಂಚಿನ ಚೈನಾ ಮೇಲೆ 10 ಇಂಚಿನ ಸ್ಪ್ಲ್ಯಾಶ್, ಅಥವಾ 16ರ ಚೈನಾ ಮೇಲೆ 14ರ ತೆಳು ಕ್ರ್ಯಾಶ್. ಆಮೇಲೆ ಮೇಲಿನದನ್ನು ತಿರುಗಿಸಿ ಇಡಿ, ಕೆಳಗಿನದನ್ನು ತಿರುಗಿಸಿ ಇಡಿ. ಎರಡೇ ಸಿಂಬಲ್‌ನಲ್ಲಿ ನಾಲ್ಕು ಸದ್ದು. ಬೆಲ್‌ಗಳು ಒಂದರೊಳಗೊಂದು ಕೂರುತ್ತವೆಯೇ ನೋಡಿಕೊಳ್ಳಿ. ಮೇಲಿನದರ ಬೆಲ್ ಚಿಕ್ಕದಾಗಿ ಕೆಳಗಿನದರ ಮೇಲೆ ಕುಂಡೆಯೂರಿ ಕೂತರೆ, ಎಷ್ಟು ಬಿಗಿದರೂ ಅಂಚುಗಳು ಮುಟ್ಟುವುದಿಲ್ಲ. ಬದಲಿಗೆ ಬೆಲ್ ಬಳಿ ಲೋಹದ ಮೇಲೆ ಒತ್ತಡ ಬಿದ್ದು ಸೀಳುತ್ತದೆ. ನಡುವೆ ತೆಳು ಫೆಲ್ಟ್ ಒಂದನ್ನು ಹಾಕಿದರೆ ಸ್ವಲ್ಪ ಸರಿಹೋದೀತು, ಇಲ್ಲವಾದರೆ ಜೋಡಿಯನ್ನೇ ಬದಲಿಸಿ.

ಒಡೆದ ಸಿಂಬಲ್‌ಗಳಿಗೆ ಮರುಜನ್ಮ ಸಿಗುವುದೂ ಇಲ್ಲೇ. ಒಂಟಿಯಾಗಿ ಹೊಡೆದಾಗ ಬಿರುಕಿನಿಂದ ಬರುವ ಅಸಹ್ಯ ಗರಗರ ಸ್ಟ್ಯಾಕ್‌ನಲ್ಲಿ ಉಳಿದ ಗರಗರದೊಂದಿಗೆ ಬೆರೆತುಹೋಗುತ್ತದೆ. ಬಿರುಕಿನ ಬಾಯಿ ಕೈ ಕೊಯ್ಯುವಷ್ಟು ಚೂಪಾಗಿದ್ದರೆ ಮೊದಲು ಅರದಿಂದ ಉಜ್ಜಿ ಮೊಂಡಾಗಿಸಿ. ಅಂದಹಾಗೆ, ಚೀಲ ಸೇರಿದ್ದ ನನ್ನ 18ರ ಚೈನಾ ಈಗ ಅಡಿಯ ತಟ್ಟೆಯಾಗಿ ದುಡಿಯುತ್ತಿದೆ, ಅದರ ಮೇಲೆ ಅಂಚು ಸೀಳಿದ 16ರ ಕ್ರ್ಯಾಶ್.

ಉಳಿದವು, ಬೇಗ ಬೇಗ. ತೂತು ಕೊರೆದ ಕ್ರ್ಯಾಶ್‌ಗಳು ಕ್ರ್ಯಾಶ್‌ಗೂ ಚೈನಾಗೂ ನಡುವಿನ ದಾರಿ. ಸೇಬಿಯನ್‌ನ ಓ-ಝೋನ್, ಜಿಲ್ಜಿಯನ್‌ನ ಇಎಫ್‌ಎಕ್ಸ್ ಈ ಬಗೆಯವು. ಲೋಹ ತೆಗೆದಿರುವುದರಿಂದ ಬೇಗ ಆರುತ್ತವೆ, ತುಸು ಒರಟೂ ಇರುತ್ತವೆ, ಅದೇ ಅಳತೆಯ ಪೂರ್ತಿ ಕ್ರ್ಯಾಶಿನಷ್ಟು ದೂರಕ್ಕೆ ಸದ್ದು ಒಯ್ಯುವುದಿಲ್ಲ. ಚೈನಾ ಬೇಕು ಆದರೆ ತಂಡದವರು ಬೈಯ್ಯುತ್ತಾರೆ ಅನ್ನುವವರಿಗೆ 16 ಅಥವಾ 18 ಇಂಚಿನದು ಒಳ್ಳೆಯ ರಾಜಿ.

ಬೆಲ್ ಸಿಂಬಲ್ ದಪ್ಪ, ಗಟ್ಟಿ, ಎಷ್ಟು ಹೊಡೆದರೂ ಜಗ್ಗದು. ಆದರೆ ಇದಕ್ಕೆ ಸ್ಪಷ್ಟ ಸ್ವರವಿದೆ, ಬಾಲವೂ ಉದ್ದ. ಹಾಡಿನ ಶ್ರುತಿಗೆ ಹೊಂದದಿದ್ದರೆ ಪ್ರತಿ ಏಟೂ ತಪ್ಪು ಸ್ವರ. ಅಂಗಡಿಗೆ ಹೋಗುವಾಗ ಫೋನಿನಲ್ಲಿ ಟ್ಯೂನರ್ ಆ್ಯಪ್ ಇರಲಿ.

ಸಿಝಲ್‌ಗೆಂದು ಹೊಸ ಸಿಂಬಲ್ ಕೊಳ್ಳುವ ಮುಂಚೆ ಮಣಿಸರಪಳಿ ಪ್ರಯತ್ನಿಸಿ. ವಿಂಗ್ ನಟ್‌ಗೆ ಸಿಕ್ಕಿಸಿ ಸಿಂಬಲ್ ಮೇಲೆ ಇಳಿಬಿಡುವ ಚಿಕ್ಕ ಲೋಹದ ಸರ, ಬೇಡವಾದಾಗ ಎತ್ತಿಬಿಡಬಹುದು. ರಿವೆಟ್‌ಗೆಂದು ಕೊರೆದ ತೂತು ಮಾತ್ರ ಹೋಗುವುದಿಲ್ಲ. ಕೊರೆಸಲೇಬೇಕು ಅಂದರೆ ಎರಡೋ ಮೂರೋ ಸಾಕು, ಅದೂ ಹೋದರೆ ಹೋಯಿತು ಅನ್ನಬಹುದಾದ ಸಿಂಬಲ್‌ಗೆ.

4. ಲೋಹದ ಬಗ್ಗೆ ಎಷ್ಟು ತಲೆಕೆಡಿಸಿಕೊಳ್ಳಬೇಕು?

ಸ್ವಲ್ಪ. ಬಿ20 ಅಂದರೆ 80 ಪಾಲು ತಾಮ್ರ, 20 ಪಾಲು ತವರ ಇರುವ ಕಂಚು. 1623ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಶುರುವಾದ ಜಿಲ್ಜಿಯನ್ ಮನೆತನದ ಹೆಸರು ಬೆಸೆದುಕೊಂಡಿರುವುದು ಈ ಬಗೆಯ ಕಂಚಿನೊಂದಿಗೇ. ಬಿ8ರಲ್ಲಿ ತಾಮ್ರ 92, ತವರ 8. ಹಿತ್ತಾಳೆ ಅಂದರೆ ತಾಮ್ರ, ಸತು. ಬಿ20 ಸದ್ದು ತುಂಬಿಕೊಂಡು, ಹಲವು ಪದರಗಳಲ್ಲಿ ಬರುತ್ತದೆ, ಬಿ8 ನೇರ, ಹೊಳಪು, ಚುರುಕು, ಹಿತ್ತಾಳೆ ಮಂಕು.

ಬಿ20 ಒಳ್ಳೆಯದು, ಬಿ8 ಕಳಪೆ ಅನ್ನುವ ಮಾತು ಡ್ರಮ್ಮರ್‌ಗಳ ನಡುವೆ ಓಡಾಡುತ್ತಿರುತ್ತದೆ. 1971ರಲ್ಲಿ ಬಂದ ಪೈಸ್ಟೆ ಕಂಪನಿಯ "2002" ಎಂಬ ಸರಣಿ ಬಿ8ರದು, ಅದನ್ನು ಯಾರೂ ಕಳಪೆ ಅನ್ನುವುದಿಲ್ಲ. ಕಲಿಯುವವರಿಗೆಂದು ಮಾಡುವ ಅಗ್ಗದ ಸಿಂಬಲ್‌ಗಳಲ್ಲೂ ಬಿ8 ಬಳಸುವುದರಿಂದ ಅದಕ್ಕೆ ಆ ಹೆಸರು ಅಂಟಿದೆ. ಎಫೆಕ್ಟ್ಸ್ ವಿಷಯದಲ್ಲಂತೂ ಬಿ8ರ ಚುರುಕು ಸ್ಪ್ಲ್ಯಾಶ್‌ಗೆ ವರವೇ. ಸ್ಟ್ಯಾಕ್‌ನ ಅಡಿಯಲ್ಲಿ ಕೂರುವುದು ಹಿತ್ತಾಳೆಯಾದರೂ ನಷ್ಟವಿಲ್ಲ, ಅಲ್ಲಿ ಪದರಗಳ ಸೂಕ್ಷ್ಮ ಯಾರಿಗೂ ಕೇಳಿಸದು. ಬಿ20ಕ್ಕೆ ಹೆಚ್ಚು ದುಡ್ಡು ಕೊಡುವುದು ಸಾರ್ಥಕವಾಗುವುದು ತೂತಿನ ಕ್ರ್ಯಾಶ್, ಸಿಝಲ್, ಮೆಲ್ಲಗೆ ನುಡಿಸುವ ಚೈನಾ ಇವಕ್ಕೆ.

ಲೋಹಕ್ಕಿಂತ ತೂಕ ಮುಖ್ಯ. ಒಂದೇ ಮಾದರಿ, ಒಂದೇ ಅಳತೆಯ ಎರಡು ಸಿಂಬಲ್ ಕೈಯಲ್ಲಿ ಹಿಡಿದರೆ ಹಗುರವಾದದ್ದು ಸಾಮಾನ್ಯವಾಗಿ ಬೇಗ ಬಾಯಿಬಿಡುತ್ತದೆ, ಬೇಗ ಮುಚ್ಚುತ್ತದೆ. ಕೈಯಲ್ಲಿ ಬಡಿದು ಮಾಡಿದವುಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

5. ಅಂಗಡಿಯಲ್ಲಿ ಕೇಳುವ ಕ್ರಮ

ನಿಮ್ಮ ಸ್ಟಿಕ್, ನಿಮ್ಮ ಕ್ರ್ಯಾಶ್ ಅಥವಾ ಹೈ-ಹ್ಯಾಟ್ ಜೊತೆಗೊಯ್ಯಿರಿ. ಅಂಗಡಿಯ ದಪ್ಪ ಸ್ಟಿಕ್‌ನಲ್ಲಿ ಹೊಡೆದು ಮೆಚ್ಚಿದ ಸ್ಪ್ಲ್ಯಾಶ್ ನಿಮ್ಮ ತೆಳು ಸ್ಟಿಕ್‌ಗೆ ಬೇರೆಯೇ ಆಗಿ ಕೇಳುತ್ತದೆ.

ಮೊದಲ ಏಟು ಮೆಲ್ಲಗೆ. ಅದಕ್ಕೇ ಸಿಂಬಲ್ ಪೂರ್ತಿ ಮಾತಾಡಬೇಕು. ಜೋರಾಗಿ ಬಡಿದರೆ ಮಾತ್ರ ಬಾಯಿಬಿಡುವ ಎಫೆಕ್ಟ್ಸ್ ಸಿಂಬಲ್ ಅರ್ಧ ಹಾಡುಗಳಲ್ಲಿ ನಿರುಪಯೋಗಿ. ಎರಡನೇ ಏಟು ನೀವು ವೇದಿಕೆಯಲ್ಲಿ ಹೊಡೆಯುವಷ್ಟೇ ಜೋರು. ಈಗ ಕಣ್ಣು ಮುಚ್ಚಿ, ನಿಮ್ಮ ಹಾಡಿನ ವೇಗದಲ್ಲಿ ಕಾಲಲ್ಲಿ ಬೀಟ್ ತಟ್ಟುತ್ತಾ ಸದ್ದು ಆರುವವರೆಗೆ ಎಣಿಸಿ. ಪೂರ್ತಿ ಆರುವವರೆಗೆ ಕಾಯಬೇಕಿಲ್ಲ. ಹಾಡುಗಾರ ಅದರ ಮೇಲೆ ಮಾತಿನ ದನಿಯಲ್ಲಿ ಹಾಡಿದರೂ ಪದ ಕೇಳಿಸುವಷ್ಟು ಇಳಿದರೆ ಸಾಕು. ಪಟ್ಟಿಯಲ್ಲಿ ಒಂದು ಬೀಟ್ ಅಂತಿದ್ದು ಇಲ್ಲಿ ಮೂರಾದರೆ ಕೆಳಗಿಡಿ, ಎಷ್ಟೇ ಮೋಹಕವಾಗಿದ್ದರೂ. ಬರೀ ಒಂಟಿ ಏಟಿಗೂ ಮರುಳಾಗಬೇಡಿ. ಒಂದು ಗ್ರೂವ್ ನಡೆಸುತ್ತಾ ಅದರ ನಡುವೆ ಹೊಡೆಯಿರಿ, ಹಿಂದೆಯೇ ಸ್ನೇರ್ ಹೊಡೆಯಿರಿ. ಸ್ನೇರ್ ಮಸುಕಾದರೆ ಅದೂ ಒಂದು ಉತ್ತರ.

ಕೊನೆಯಲ್ಲಿ ಜೊತೆಗೆ ಬಂದವರ ಕೈಗೆ ಸ್ಟಿಕ್ ಕೊಟ್ಟು ಹತ್ತು ಹದಿನೈದು ಅಡಿ ದೂರ ನಿಂತು ಕೇಳಿ. ಡ್ರಮ್ಮರ್ ಕಿವಿಗೆ ಸಿಂಬಲ್ ಒಂದೆರಡು ಅಡಿ ದೂರದಲ್ಲಿರುತ್ತದೆ. ಹತ್ತಿರ ಇಂಪಾಗಿದ್ದ ಸ್ಪ್ಲ್ಯಾಶ್ ದೂರಕ್ಕೆ ಕರಗಿಹೋಗುವುದೂ, ಹತ್ತಿರ ಕರ್ಕಶವಾಗಿದ್ದ ಚೈನಾ ದೂರಕ್ಕೆ ಹದವಾಗುವುದೂ ಇದೆ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ವಿಡಿಯೋದಲ್ಲಿ ಕೇಳುವ ಸದ್ದು ಮೈಕ್, ಕೋಣೆ, ಕಂಪ್ರೆಶನ್ (ಜೋರು-ಮೆಲು ಅಂತರ ಕುಗ್ಗಿಸುವ ಸಂಸ್ಕರಣೆ) ಎಲ್ಲ ದಾಟಿ ಬಂದದ್ದು ಅನ್ನುವುದು ನೆನಪಿರಲಿ. ಕಂಪ್ರೆಶನ್ ಬಾಲವನ್ನು ಎತ್ತಿ ತೋರಿಸುತ್ತದೆ, ಹಾಗಾಗಿ ಉದ್ದದ ಅಂದಾಜು ತಪ್ಪಬಹುದು. ಒಂದೇ ವಿಡಿಯೋದಲ್ಲಿ, ಒಂದೇ ಕೋಣೆಯಲ್ಲಿ ಹೊಡೆದ ಎರಡು ಸಿಂಬಲ್‌ಗಳನ್ನು ಹೋಲಿಸುವುದಕ್ಕಷ್ಟೇ ಅದನ್ನು ನಂಬಿ. ನಿಮಗೆ ಬರುವ ಸಿಂಬಲ್ಲನ್ನೇ ಹೊಡೆದು ತೋರಿಸಿ, ತೂಕ ಗ್ರಾಮಿನಲ್ಲಿ ಬರೆದಿರುವವರು ಸಿಕ್ಕರೆ ಅವರಿಂದ ಕೊಳ್ಳಿ.

6. ಹಳೆಯದನ್ನು ಕೊಳ್ಳುವಾಗ

ಎಫೆಕ್ಟ್ಸ್ ಸಿಂಬಲ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಬಹಳ ಸಿಗುತ್ತವೆ, ನನ್ನಂಥವರ ಕೃಪೆಯಿಂದ. ಉಗುರನ್ನು ಅಂಚಿನ ಸುತ್ತ ನಿಧಾನ ಓಡಿಸಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಬೆಳಕಿಗೆ ಹಿಡಿದು ನೋಡಿ. ನಡುವಿನ ತೂತು ಗುಂಡಗಿರಬೇಕು. ಒಂದು ಕಡೆ ಕೀಲಿಕೈ ತೂತಿನಂತೆ ಸವೆದಿದ್ದರೆ ಸ್ಲೀವ್ (ಸ್ಟ್ಯಾಂಡ್‌ನ ಕಂಬಿಗೆ ತೊಡಿಸುವ ಚಿಕ್ಕ ಕೊಳವೆ) ಇಲ್ಲದ ಸ್ಟ್ಯಾಂಡ್ ಮೇಲೆ ವರ್ಷಗಟ್ಟಲೆ ಕುಣಿದಿದೆ ಅಂತ ಅರ್ಥ. ಚೈನಾದಲ್ಲಿ ಅಂಚಿಗಿಂತ ಅಂಚು ಬಾಗುವ ಗೆರೆಯನ್ನೇ ಹೆಚ್ಚು ನೋಡಬೇಕು, ಸುತ್ತಲೂ, ಎರಡೂ ಬದಿ. ಸ್ಪ್ಲ್ಯಾಶ್‌ನಲ್ಲಿ ಬೆಲ್ ಮೈಗೆ ಕೂಡುವ ಜಾಗ. ಆಮೇಲೆ ಬೆರಳಿಗೆ ತೂಗುಹಾಕಿ ಅಂಚಿಗೆ ಮೆಲ್ಲಗೆ ತಟ್ಟಿ. ಕಣ್ಣಿಗೆ ಕಾಣದ ಬಿರುಕನ್ನು ಝುರ್ರೆನ್ನುವ ಸದ್ದು ಹೇಳಿಕೊಡುತ್ತದೆ. ಸ್ಟ್ಯಾಕ್‌ಗೆಂದು ಕೊಳ್ಳುವುದಾದರೆ ಇದೆಲ್ಲ ಚೌಕಾಸಿಗೆ ಕಾರಣಗಳು, ತಿರಸ್ಕರಿಸಲು ಅಲ್ಲ. ಬೆಲ್ ಬಳಿಯ ಬಿರುಕು ಮಾತ್ರ ಬೇಡ, ಬಿಗಿಯುವ ಜಾಗ ಅದೇ ಆದ್ದರಿಂದ.

ಬಣ್ಣಗೆಟ್ಟಿದ್ದರೆ ಚಿಂತೆಯಿಲ್ಲ.

7. ಎಲ್ಲಿ ಕಟ್ಟುವುದು

ಇದನ್ನು ಕೊಳ್ಳುವ ಮುಂಚೆಯೇ ಯೋಚಿಸಬೇಕು, ಸಾಮಾನ್ಯವಾಗಿ ಯಾರೂ ಯೋಚಿಸುವುದಿಲ್ಲ. ಕಿಟ್ ಮುಂದೆ ಕೂತು, ಕಣ್ಣು ಮುಚ್ಚಿ, ನಿಮ್ಮ ಹಾಡನ್ನು ಗಾಳಿಯಲ್ಲಿ ನುಡಿಸಿ. ಆ ಏಟಿಗೆ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಸಿಂಬಲ್ ಇರಬೇಕು. ಸೊಂಟ ತಿರುಗಿಸಿ ತೋಳು ಚಾಚಬೇಕಾದ ಕಡೆ ಕಟ್ಟಿದ ಸ್ಪ್ಲ್ಯಾಶನ್ನು ಮೊದಲ ವಾರ ಹೊಡೆಯುತ್ತೀರಿ, ಆಮೇಲೆ ಬಿಡುತ್ತೀರಿ. ಹೈ-ಹ್ಯಾಟ್ ಮತ್ತು ಮೊದಲ ಟಾಮ್ ನಡುವಿನ ಸಂದು ಸ್ಪ್ಲ್ಯಾಶ್‌ಗೆ, ಚಿಕ್ಕ ಸ್ಟ್ಯಾಕ್‌ಗೆ ಹೇಳಿಮಾಡಿಸಿದ ಜಾಗ. ಚೈನಾ ಸಾಮಾನ್ಯವಾಗಿ ರೈಡ್‌ನ ಆಚೆ, ತುಸು ಎತ್ತರದಲ್ಲಿ, ಹೆಗಲು ನಿಮ್ಮ ಕಡೆ ವಾಲುವಂತೆ.

ಚಿಕ್ಕವುಗಳಿಗೆ ಬೇರೆ ಸ್ಟ್ಯಾಂಡ್ ಬೇಡ. ಇರುವ ಸ್ಟ್ಯಾಂಡ್‌ಗೆ ಕ್ಲ್ಯಾಂಪ್ ಹಾಕಿ ಗಿಡ್ಡ ಬೂಮ್ ಆರ್ಮ್ (ಪಕ್ಕಕ್ಕೆ ಚಾಚುವ ಕಂಬಿ) ಸಿಕ್ಕಿಸಬಹುದು, ಅಥವಾ ಕ್ರ್ಯಾಶ್‌ನ ವಿಂಗ್ ನಟ್ ಜಾಗದಲ್ಲಿ ಸ್ಟ್ಯಾಕರ್ ಅನ್ನುವ ಉದ್ದ ತಿರುಪು ಹಾಕಿ ಅದರ ಮೇಲೆ ಸ್ಪ್ಲ್ಯಾಶ್ ಕೂರಿಸಬಹುದು. ಸ್ಟ್ಯಾಕರ್ ಕೊಳ್ಳುವಾಗ ತಿರುಪಿನ ಎಳೆಯ ಅಳತೆ ನೋಡಿ. ಬಹುಪಾಲು ಸ್ಟ್ಯಾಂಡ್‌ಗಳು 8 ಮಿ.ಮೀ., ಕೆಲವು 6. ನಿಮ್ಮ ವಿಂಗ್ ನಟ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋದರೆ ಅಳೆಯುವ ತಾಪತ್ರಯವೇ ಇಲ್ಲ. 18ರ ಚೈನಾ ಉದ್ದ ಬೂಮ್ ತುದಿಗೆ ಕಟ್ಟುವುದಾದರೆ ಬೂಮ್ ಸ್ಟ್ಯಾಂಡ್‌ನ ಒಂದು ಕಾಲಿನ ನೇರಕ್ಕೇ ಚಾಚಿರಬೇಕು, ಇಲ್ಲವಾದರೆ ಮೂರನೇ ಹಾಡಿಗೆ ಸ್ಟ್ಯಾಂಡ್ ಸಮೇತ ಮಗುಚುತ್ತದೆ.

ಸ್ಲೀವ್ ಇಲ್ಲದೆ ಯಾವ ಸಿಂಬಲ್ಲನ್ನೂ ಕಟ್ಟಬೇಡಿ. ಸ್ಟ್ಯಾಕ್ ಬಿಟ್ಟು ಉಳಿದದ್ದೆಲ್ಲ ಕೈಯಲ್ಲಿ ಅಲುಗಿಸಿದರೆ ಧಾರಾಳ ತೂಗುವಷ್ಟು ಸಡಿಲವಿರಲಿ. ಬಿಗಿದ ಸ್ಪ್ಲ್ಯಾಶ್ ಸದ್ದೂ ಕಳೆದುಕೊಳ್ಳುತ್ತದೆ, ಜೀವವನ್ನೂ.

8. ಯಾವುದು ಮೊದಲು

ನನ್ನನ್ನು ಕೇಳಿದರೆ: ಮೊದಲು ಇರುವುದರಿಂದಲೋ ಒಡೆದದ್ದರಿಂದಲೋ ಕಟ್ಟಿದ ಸ್ಟ್ಯಾಕ್, ಆಮೇಲೆ 10 ಇಂಚಿನ ತೆಳು ಸ್ಪ್ಲ್ಯಾಶ್, ಮೂರನೆಯದಾಗಿ ತೂತಿನ ಕ್ರ್ಯಾಶ್ ಅಥವಾ 16ರ ಚೈನಾ, ಇವೆರಡರಲ್ಲಿ ಒಂದು. ಬೆಲ್, ಸಿಝಲ್ ಎಲ್ಲ ನಿಮ್ಮ ಹಾಡುಗಳು ಕೇಳಿದಾಗ. ಮೆಟಲ್ ನುಡಿಸುವವರು ಈ ಸಾಲನ್ನು ತಲೆಕೆಳಗು ಮಾಡಿ ಚೈನಾದಿಂದ ಶುರುಮಾಡಬಹುದು. ಅದಿಲ್ಲದೆ ಅವರಿಗೆ ನಡೆಯದು. ಒಂದು ಕೊಂಡ ಮೇಲೆ ಇನ್ನೊಂದಕ್ಕೆ ಎರಡು ತಿಂಗಳಾದರೂ ಬಿಡುವು ಕೊಡಿ, ಆ ಹೊತ್ತಿನಲ್ಲಿ ಮತ್ತೆ ರಿಹರ್ಸಲ್ ರೆಕಾರ್ಡ್ ಮಾಡಿ ಒಂದು ಹಾಡಿಗೆ ಎಷ್ಟು ಸಲ ಹೊಡೆದಿದ್ದೀರಿ ಎಣಿಸಿ. ಸ್ಪ್ಲ್ಯಾಶ್ ಹದಿನಾರು ಸಲ ಬಂದಿದ್ದರೆ ಹನ್ನೆರಡನ್ನು ಅಳಿಸಿ ನೋಡಿ.

ಕಾರ್ಯಕ್ರಮ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಬೆವರು, ಬೆರಳಚ್ಚು ಒರೆಸಿ, ಚೀಲದಲ್ಲಿ ಸಿಂಬಲ್‌ಗಳ ನಡುವೆ ಬಟ್ಟೆ ಇಟ್ಟು ತುಂಬಿ. ಸ್ಟ್ಯಾಕ್ ಬಿಚ್ಚುವ ಮುಂಚೆ ಪಕ್ಕದಿಂದ ಒಂದು ಫೋಟೊ ತೆಗೆದುಕೊಳ್ಳಿ. ಯಾವುದು ಮೇಲಿತ್ತು, ಯಾವುದು ಮಗುಚಿತ್ತು, ತಿರುಪಿನ ಎಷ್ಟು ಎಳೆ ಹೊರಗೆ ಕಾಣುತ್ತಿತ್ತು ಅನ್ನುವುದು ಮುಂದಿನ ಕಾರ್ಯಕ್ರಮದ ಹೊತ್ತಿಗೆ ಖಂಡಿತ ಮರೆತಿರುತ್ತದೆ.